ಮಕ್ಕಳ ಬಿಗಿ ಮುಂದೊಗಲಿಗೆ ಸ್ಟೀರಾಯ್ಡ್ ಮುಲಾಮು: ಯಾವ ಟ್ಯೂಬ್ ಎಷ್ಟು ಖಾರ, ಹಚ್ಚುವುದು ಹೇಗೆ

ಮಂಡ್ಯದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಕೌಂಟರ್ ಹಿಂದೆ ನಿಂತು ಹದಿನೆಂಟು ವರ್ಷ ಆಯ್ತು. ಕೆಮ್ಮು, ಜ್ವರ, ಗ್ಯಾಸ್ಟ್ರಿಕ್ ಅಂತ ಬಂದವರು ಅಂಗಡಿಗೆಲ್ಲ ಕೇಳುವ ಹಾಗೆ ಮಾತಾಡುತ್ತಾರೆ. ಒಂದು ಬಗೆಯ ಗಿರಾಕಿಗಳು ಮಾತ್ರ ಉಳಿದವರೆಲ್ಲ ಹೋಗಲಿ ಅಂತ ಸುಮ್ನೆ ಸೋಪು, ಪೇಸ್ಟು ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಹತ್ತಿರ ಬಂದು, ‘ಹುಡುಗಂಗೆ ಒಂದಕ್ಕೆ ಹೋಗೋ ಜಾಗದ ಚರ್ಮ ಹಿಂದಕ್ಕೆ ಬತ್ತಿಲ್ಲ, ಏನಾರ ಟ್ಯೂಬ್ ಐತಾ?’ ಅಂತ ಮೆಲ್ಲಗೆ ಕೇಳುತ್ತಾರೆ.

ಟ್ಯೂಬ್ ಇದೆ. ಒಂದಲ್ಲ, ಒಂದು ಶೆಲ್ಫ್ ತುಂಬ ಇವೆ. ತೊಂದರೆ ಇರುವುದೇ ಅಲ್ಲಿ.

ಎರಡು ವರ್ಷದ ಹಿಂದೆ ಮದ್ದೂರಿನಿಂದ ಅಕ್ಕ ಫೋನ್ ಮಾಡಿದಳು. ಅವಳ ಮಗನಿಗೆ ಆಗ ಏಳು ವರ್ಷ. ಯಾವುದೋ ಅಂಗಡಿಯವರು ಚೀಟಿ ಇಲ್ಲದೆಯೇ ಒಂದು ಟ್ಯೂಬ್ ಕೊಟ್ಟಿದ್ದರು. ‘ಇದ್ರಲ್ಲಿ ಬರೀ ಸೊನ್ನೆ ಪಾಯಿಂಟ್ ಸೊನ್ನೆ ಐದು ಪರ್ಸೆಂಟ್ ಅಂತ ಐತೆ ಕಣೋ. ಲೈಟಾಗಿರ್ತದೆ ಅಲ್ವಾ? ಹಚ್ಚಲಾ?’ ಅಂದಳು. ಫೋಟೋ ಕಳಿಸು ಅಂದೆ. ನೋಡಿದರೆ ಕ್ಲೊಬೆಟಾಸಾಲ್. ಜೊತೆಗೆ ಒಂದು ಫಂಗಸ್ ಔಷಧಿ, ಒಂದು ಆ್ಯಂಟಿಬಯಾಟಿಕ್. ನನ್ನ ಶೆಲ್ಫಿನಲ್ಲಿರುವ ಸ್ಟೀರಾಯ್ಡ್‌ಗಳಲ್ಲಿ ಅದಕ್ಕಿಂತ ಖಾರದ್ದು, ಅಂದರೆ ಜೋರಾದದ್ದು, ಇನ್ನೊಂದಿಲ್ಲ. ಸ್ಟೀರಾಯ್ಡ್ ಅಂದರೆ ಉರಿಯೂತ ಇಳಿಸುವ ಔಷಧಿ.

ಅಕ್ಕನಿಗೆ ಅವತ್ತು ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ನಿಮ್ಮ ಮಗನ ಚರ್ಮ ನೋಡಿ ತೀರ್ಮಾನ ಮಾಡಬೇಕಾದವರು ಡಾಕ್ಟರೇ. ಆದರೆ ಅವರು ಬರೆದ ಟ್ಯೂಬ್ ಯಾವುದು, ಎಷ್ಟು ಗಟ್ಟಿ (ಅಂದರೆ ಅದರ ಔಷಧಿ ಎಷ್ಟು ಜೋರು), ಎಲ್ಲಿಗೆ ಎಷ್ಟು ಹಚ್ಚಬೇಕು ಅನ್ನುವುದು ಮನೆಯವರಿಗೆ ಗೊತ್ತಿರಬೇಕು.

ಹೆಜ್ಜೆ 1: ಇದು ಕಾಯಿಲೆ ಹೌದೋ ಅಲ್ಲವೋ ನೋಡಿ

ಗಂಡುಮಗು ಹುಟ್ಟಿದಾಗ ಶಿಶ್ನದ ತುದಿಗೆ ಮುಂದೊಗಲು ಅಂಟಿಕೊಂಡೇ ಇರುತ್ತದೆ. ಅದು ಹಾಗೇ ಇರಬೇಕು. 1949ರಲ್ಲಿ ಇಂಗ್ಲೆಂಡಿನ ಗೇರ್ಡ್ನರ್ ಅನ್ನುವ ಮಕ್ಕಳ ಡಾಕ್ಟರ್ ಲೆಕ್ಕ ಹಾಕಿದಾಗ, ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 4 ಮಕ್ಕಳಿಗೆ ಮಾತ್ರ ಚರ್ಮ ಪೂರ್ತಿ ಹಿಂದಕ್ಕೆ ಬರುತ್ತಿತ್ತು. 1968ರಲ್ಲಿ ಡೆನ್ಮಾರ್ಕಿನ ಓಸ್ಟರ್ ಶಾಲಾ ಹುಡುಗರನ್ನು ವರ್ಷ ವರ್ಷ ಪರೀಕ್ಷೆ ಮಾಡಿ ಬರೆದರು: 6–7 ವರ್ಷದವರಲ್ಲಿ ಸುಮಾರು ನೂರಕ್ಕೆ 8 ಜನರಿಗೆ ಬಿಗಿ ಇತ್ತು, 16–17 ವರ್ಷಕ್ಕೆ ಬರುವಷ್ಟರಲ್ಲಿ ಅದು ನೂರಕ್ಕೆ 1 ಆಗಿತ್ತು. ಅಂದರೆ ಬಹುಪಾಲು ಹುಡುಗರಿಗೆ ಯಾವ ಟ್ಯೂಬೂ ಬೇಡ, ಟೈಮ್ ಸಾಕು.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಅಜ್ಜಿಯರು ‘ಈಗ್ಲೇ ಬಿಡಿಸಿಬಿಟ್ರೆ ಮುಂದೆ ತೊಂದ್ರೆ ಇರಲ್ಲ’ ಅಂತ ದಿನಾ ಚರ್ಮವನ್ನು ಹಿಂದಕ್ಕೆ ಎಳೆಯುತ್ತಾರೆ. ಪ್ರೀತಿಯಿಂದಲೇ ಮಾಡುವುದು, ಅದರಲ್ಲಿ ಅನುಮಾನ ಇಲ್ಲ. ಆದರೆ ಅಂಟಿಕೊಂಡ ಚರ್ಮ ಎಳೆದಾಗ ಕಣ್ಣಿಗೆ ಕಾಣದ ಸಣ್ಣ ಬಿರುಕು ಬೀಳುತ್ತದೆ. ಅದು ಒಣಗುವಾಗ ಕಲೆ ಕಟ್ಟುತ್ತದೆ. ಕಲೆ ಕಟ್ಟಿದ ಚರ್ಮ ಹಿಗ್ಗುವುದಿಲ್ಲ. ಇಲ್ಲದ ಕಾಯಿಲೆಯನ್ನು ಕೈಯಾರೆ ತಂದುಕೊಂಡ ಹಾಗಾಯ್ತು. ಅಜ್ಜಿಯ ಜೊತೆ ಜಗಳ ಆಡಬೇಡಿ, ‘ಡಾಕ್ಟರ್ ಮುಟ್ಟಬೇಡ ಅಂದವ್ರೆ’ ಅನ್ನಿ, ಅಷ್ಟು ಸಾಕು.

ಮನೆಯವರು ಹೆದರುವ ಎರಡು ವಿಷಯಗಳು ಹೆಚ್ಚಾಗಿ ಹೆದರುವಂಥವೇ ಅಲ್ಲ. ಒಂದು, ಚರ್ಮದ ಒಳಗೆ ಬೆಣ್ಣೆಯಂಥ ಬಿಳಿ ಉಂಡೆ ಕಾಣುವುದು. ಅದು ಕೀವಲ್ಲ, ಉದುರಿದ ಚರ್ಮದ ಕಣಗಳು ಒಟ್ಟಾಗಿರುವುದು. ತಾನೇ ಹೊರಗೆ ಬರುತ್ತದೆ. ಎರಡು, ಉಚ್ಚೆ ಹೊಯ್ಯುವಾಗ ಚರ್ಮ ಬಲೂನಿನ ಹಾಗೆ ಉಬ್ಬುವುದು. ನೋವಿಲ್ಲದೆ, ಧಾರೆ ಸರಿಯಾಗಿ ಬರುತ್ತಿದ್ದರೆ ಅದಕ್ಕೂ ಅವಸರ ಬೇಡ.

ಹಾಗಾದರೆ ಯಾವಾಗ ತೋರಿಸಬೇಕು? ಮೇಲಿಂದ ಮೇಲೆ ತುದಿ ಕೆಂಪಾಗಿ ಊದಿಕೊಂಡು ಕೀವು ಬರುತ್ತಿದ್ದರೆ. ಉಚ್ಚೆ ಹೊಯ್ಯುವಾಗ ಅಳುತ್ತಿದ್ದರೆ, ಧಾರೆ ದಾರದಷ್ಟು ಸಣ್ಣಗಿದ್ದರೆ. ಜ್ವರದ ಜೊತೆ ಮೂತ್ರದ ಇನ್‌ಫೆಕ್ಷನ್ ಬಂದಿದ್ದರೆ. ಮೊದಲು ಹಿಂದಕ್ಕೆ ಬರುತ್ತಿದ್ದ ಚರ್ಮ ಈಗ ಬರುತ್ತಿಲ್ಲ ಅಂದರೆ. ತುದಿಯ ಉಂಗುರ ಬೆಳ್ಳಗೆ, ಗಟ್ಟಿಯಾಗಿ, ಒಣ ಹಪ್ಪಳದ ಹಾಗೆ ಆಗಿದ್ದರೆ. ಈ ಕೊನೆಯದನ್ನು ಮರೆಯಬೇಡಿ, ಮುಂದೆ ಮತ್ತೆ ಬರುತ್ತದೆ.

ಹೆಜ್ಜೆ 2: ಡಾಕ್ಟರ್ ಹತ್ತಿರ ಏನು ಕೇಳಬೇಕು

ಮೈಸೂರಿನವರಾದರೆ ಚೆಲುವಾಂಬ ಆಸ್ಪತ್ರೆಯ ಮಕ್ಕಳ ವಿಭಾಗ, ಮಂಡ್ಯದವರಾದರೆ ಮಿಮ್ಸ್‌ನ ಮಕ್ಕಳ ವಿಭಾಗ. ಇಲ್ಲವೇ ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರ್. ಮೊದಲೇ ಸರ್ಜನ್ ಹುಡುಕಿಕೊಂಡು ಹೋಗಬೇಕಿಲ್ಲ. ಬೇಕಾದರೆ ಅವರೇ ಕಳಿಸುತ್ತಾರೆ.

ಮೂರು ಪ್ರಶ್ನೆ ಕೇಳಿ ಬನ್ನಿ. ಇದು ವಯಸ್ಸಿಗೆ ತಕ್ಕ ಬಿಗಿಯೋ, ಕಲೆ ಕಟ್ಟಿದ ಬಿಗಿಯೋ? ಔಷಧಿಯ ಹೆಸರು ಮತ್ತು ಪರ್ಸೆಂಟ್ ಏನು? ಎಷ್ಟು ವಾರ? ಚೀಟಿಯಲ್ಲಿ ಬರೀ ‘ಲೋಕಲ್ ಅಪ್ಲಿಕೇಶನ್’ ಅಂತ ಬರೆದಿದ್ದರೆ, ಎಲ್ಲಿಗೆ ಹಚ್ಚಬೇಕು ಅಂತ ಬೆರಳಿಟ್ಟು ತೋರಿಸಿ ಅನ್ನಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ನಾಚಿಕೊಂಡು ಎದ್ದು ಬಂದವರು ಆಮೇಲೆ ನನ್ನ ಕೌಂಟರಿನಲ್ಲಿ ಕೇಳುತ್ತಾರೆ. ಅಲ್ಲಿ ನಾನು ತೋರಿಸುವುದು ಹೇಗೆ ಹೇಳಿ?

ಮೂತ್ರದ ರಂಧ್ರವೇ ತುದಿಯಲ್ಲಿ ಇಲ್ಲದೆ ಕೆಳಗಿದ್ದರೆ ಅದು ಬೇರೆ ಸಮಸ್ಯೆ. ಅಂಥ ಮಕ್ಕಳಿಗೆ ಸುನ್ನತಿ ಮಾಡಿಸುವ ಮೊದಲು ಸರ್ಜನ್ ನೋಡಲೇಬೇಕು. ಮುಂದೆ ರಿಪೇರಿ ಆಪರೇಷನ್‌ಗೆ ಅದೇ ಮುಂದೊಗಲು ಬೇಕಾಗಬಹುದು.

ಹೆಜ್ಜೆ 3: ಪರ್ಸೆಂಟ್ ನೋಡಿ ಮೋಸ ಹೋಗಬೇಡಿ

ಅಕ್ಕ ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದು. 1 ಪರ್ಸೆಂಟ್ ಹೈಡ್ರೊಕಾರ್ಟಿಸೋನ್ ಟ್ಯೂಬ್ ಒಂದು ಕೈಯಲ್ಲಿ, 0.05 ಪರ್ಸೆಂಟ್ ಕ್ಲೊಬೆಟಾಸಾಲ್ ಇನ್ನೊಂದು ಕೈಯಲ್ಲಿ ಇಟ್ಟುಕೊಂಡರೆ, ಮೊದಲನೆಯದರಲ್ಲಿ ಔಷಧಿ ಇಪ್ಪತ್ತು ಪಟ್ಟು ಜಾಸ್ತಿ ಇದೆ. ಆದರೆ ಕೆಲಸದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಸುಮಾರು 600 ಪಟ್ಟು ಗಟ್ಟಿ ಅಂತ ಚರ್ಮರೋಗದವರು ಲೆಕ್ಕ ಕೊಡುತ್ತಾರೆ.

ಅಕ್ಕನಿಗೆ ಅಡುಗೆಮನೆ ಭಾಷೆಯಲ್ಲೇ ಹೇಳಿದೆ. ಸಾರಿಗೆ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಹಾಕು, ಕೆಂಪಗಾಗುತ್ತದೆ, ನಾಲಿಗೆ ಸುಡುವುದಿಲ್ಲ. ಗುಂಟೂರು ನಾಲ್ಕೇ ನಾಲ್ಕು ಹಾಕು, ಮೂಗಲ್ಲಿ ಕಣ್ಣಲ್ಲಿ ನೀರು. ಪರ್ಸೆಂಟ್ ಅನ್ನುವುದು ಎಷ್ಟು ಮೆಣಸಿನಕಾಯಿ ಅನ್ನುವ ಲೆಕ್ಕ. ಯಾವ ಮೆಣಸಿನಕಾಯಿ ಅನ್ನುವುದು ಔಷಧಿಯ ಹೆಸರಿನಲ್ಲಿದೆ. ಒಂದೇ ಔಷಧಿಯ ಎರಡು ಟ್ಯೂಬ್ ಹೋಲಿಸುವಾಗ ಮಾತ್ರ ಪರ್ಸೆಂಟ್ ಉಪಯೋಗಕ್ಕೆ ಬರುತ್ತದೆ.

ಈ ಖಾರ ಅಳೆಯುವ ದಾರಿ ತಮಾಷೆಯಾಗಿದೆ. ಸ್ಟೀರಾಯ್ಡ್ ಹಚ್ಚಿದ ಜಾಗದಲ್ಲಿ ಸಣ್ಣ ರಕ್ತನಾಳಗಳು ಕುಗ್ಗಿ ಚರ್ಮ ಬಿಳಚಿಕೊಳ್ಳುತ್ತದೆ. ಎಷ್ಟು ಬಿಳಚಿತು ಅಂತ ನೋಡಿ ಗಟ್ಟಿತನ ಅಳೆಯುವ ವಿಧಾನವನ್ನು 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಅನ್ನುವವರು ಕೊಟ್ಟರು. ಇವತ್ತಿನ ದರ್ಜೆಗಳಿಗೂ ಅದೇ ಬುನಾದಿ.

ಹೆಜ್ಜೆ 4: ಮೆದುವಿನಿಂದ ಗಟ್ಟಿಯವರೆಗೆ, ಟ್ಯೂಬ್‌ಗಳನ್ನು ಸಾಲಾಗಿ ಇಡಿ

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಎರಡು ಅಳತೆಗೋಲು ಸಿಗುತ್ತವೆ. ಅಮೆರಿಕದವರು 1ರಿಂದ 7ರವರೆಗೆ ಏಳು ದರ್ಜೆ ಮಾಡಿದ್ದಾರೆ. 1 ಅತಿ ಗಟ್ಟಿ, 7 ಅತಿ ಮೆದು. ಬ್ರಿಟನ್ನಿನವರು ನಾಲ್ಕೇ ಗುಂಪು ಮಾಡಿದ್ದಾರೆ: ಮೆದು, ಮಧ್ಯಮ, ಗಟ್ಟಿ, ಅತಿ ಗಟ್ಟಿ. ಎರಡನ್ನೂ ಬೆರೆಸಿ ಓದಿದರೆ ತಲೆ ಕೆಡುತ್ತದೆ. ಬೀಟಾಮೆಥಾಸೋನ್ ವ್ಯಾಲರೇಟ್ 0.1 ಪರ್ಸೆಂಟ್ ಕ್ರೀಮ್ ಬ್ರಿಟನ್ ಲೆಕ್ಕದಲ್ಲಿ ‘ಗಟ್ಟಿ’. ಅದೇ ಕ್ರೀಮ್ ಅಮೆರಿಕದ ಪಟ್ಟಿಯಲ್ಲಿ 5ನೇ ದರ್ಜೆ, ಅಂದರೆ ಮಧ್ಯಮಕ್ಕಿಂತ ಸ್ವಲ್ಪ ಕೆಳಗೆ. ಔಷಧಿ ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ. ನಾನು ಇಲ್ಲಿ ನಾಲ್ಕು ಗುಂಪಿನದನ್ನೇ ಹಿಡಿಯುತ್ತೇನೆ, ಸಲೀಸು.

ಮೆದು: ಹೈಡ್ರೊಕಾರ್ಟಿಸೋನ್ 1 ಪರ್ಸೆಂಟ್. ಮಕ್ಕಳ ಮುಖಕ್ಕೆ, ಡಯಾಪರ್ ಜಾಗಕ್ಕೆ ಡಾಕ್ಟರು ಬರೆಯುವುದು ಹೆಚ್ಚಾಗಿ ಇದನ್ನೇ.

ಮಧ್ಯಮ: ಕ್ಲೊಬೆಟಾಸೋನ್ ಬ್ಯುಟಿರೇಟ್ 0.05 ಪರ್ಸೆಂಟ್. ನಮ್ಮಲ್ಲಿ ಯುಮೊಸೋನ್ ಅನ್ನುವ ಹೆಸರಲ್ಲಿ ಸಿಗುತ್ತದೆ.

ಗಟ್ಟಿ: ಬೀಟಾಮೆಥಾಸೋನ್ ವ್ಯಾಲರೇಟ್ 0.1, ಮೊಮೆಟಾಸೋನ್ 0.1, ಫ್ಲೂಟಿಕಾಸೋನ್ ಕ್ರೀಮ್ 0.05, ಬೀಟಾಮೆಥಾಸೋನ್ ಡೈಪ್ರೊಪಿಯೊನೇಟ್ 0.05. ಬೆಟ್ನೋವೇಟ್, ಎಲೋಕಾನ್, ಫ್ಲೂಟಿವೇಟ್ ಅಂತ ನೀವು ಕೇಳಿರುವ ಹೆಸರುಗಳು ಈ ಸಾಲಿನವು. ಒಳಗೊಳಗೇ ಇವೂ ಒಂದೇ ಸಮ ಇಲ್ಲ, ಡೈಪ್ರೊಪಿಯೊನೇಟ್ ವ್ಯಾಲರೇಟ್‌ಗಿಂತ ಒಂದು ಕೈ ಮೇಲು. ಆದ್ದರಿಂದ ‘ಬೀಟಾಮೆಥಾಸೋನ್’ ಅಂತ ಅಷ್ಟೇ ಓದಿ ಬಿಡಬೇಡಿ, ಅದರ ಬಾಲವನ್ನೂ ಓದಿ.

ಅತಿ ಗಟ್ಟಿ: ಕ್ಲೊಬೆಟಾಸಾಲ್ ಪ್ರೊಪಿಯೊನೇಟ್ 0.05 ಪರ್ಸೆಂಟ್. ಟೆನೋವೇಟ್ ಇದೇ.

ಈಗ ಎರಡನೆಯದರ ಹೆಸರನ್ನೂ ಕೊನೆಯದರ ಹೆಸರನ್ನೂ ಇನ್ನೊಂದು ಸಲ ಓದಿ. ಕ್ಲೊಬೆಟಾಸೋನ್. ಕ್ಲೊಬೆಟಾಸಾಲ್. ಬಾಲದಲ್ಲಷ್ಟೇ ವ್ಯತ್ಯಾಸ, ಪರ್ಸೆಂಟ್ ಎರಡರದ್ದೂ 0.05. ಒಂದು ಮಧ್ಯಮ, ಇನ್ನೊಂದು ಏಣಿಯ ತುದಿ. ಡಾಕ್ಟರ ಕೈಬರಹದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅನುಮಾನ ಬಂದಾಗ ನಾನು ಕ್ಲಿನಿಕ್ಕಿಗೆ ಫೋನ್ ಮಾಡಿಯೇ ಕೊಡುವುದು. ಗಿರಾಕಿಗೆ ಐದು ನಿಮಿಷ ತಡ ಆಗುತ್ತದೆ, ಗೊಣಗುತ್ತಾರೆ. ಗೊಣಗಲಿ ಬಿಡಿ.

ಇನ್ನೊಂದು ಮಾತು. ಒಂದೇ ಔಷಧಿ, ಒಂದೇ ಪರ್ಸೆಂಟ್ ಇದ್ದರೂ ಆಯಿಂಟ್‌ಮೆಂಟ್ ಸಾಮಾನ್ಯವಾಗಿ ಕ್ರೀಮಿಗಿಂತ ಜೋರು. ಅದರ ಜಿಡ್ಡು ಚರ್ಮದ ಮೇಲೆ ಮುಚ್ಚಳದ ಹಾಗೆ ಕೂತು ಔಷಧಿಯನ್ನು ಒಳಗೆ ತಳ್ಳುತ್ತದೆ. ಮುಂದೊಗಲಿನ ಒಳಗಡೆಯಂತೂ ಚರ್ಮವೇ ಮುಚ್ಚಳ. ಲೋಷನ್ ಮಾತ್ರ ಈ ಜಾಗಕ್ಕೆ ಬೇಡ, ಉರಿಯುತ್ತದೆ.

ಹೆಜ್ಜೆ 5: ಈ ಕೆಲಸಕ್ಕೆ ಎಷ್ಟು ಖಾರ ಸಾಕು

ಮೊದಲು ಸ್ಟೀರಾಯ್ಡ್ ಇಲ್ಲಿ ಮಾಡುವ ಕೆಲಸ ಏನು ಅಂತ ತಿಳಿದರೆ ಉತ್ತರ ಸುಲಭ. ಅದು ಉರಿಯೂತ ಇಳಿಸುತ್ತದೆ. ಜೊತೆಗೆ ಚರ್ಮದಲ್ಲಿ ಹೊಸ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ನಾರು) ಕಟ್ಟುವುದನ್ನು ತಗ್ಗಿಸಿ ಚರ್ಮವನ್ನು ತೆಳು ಮಾಡುತ್ತದೆ, ಹಿಗ್ಗುವಂತೆ ಮಾಡುತ್ತದೆ. ಮುಖಕ್ಕೆ ಬೆಳ್ಳಗಾಗಲಿ ಅಂತ ಸ್ಟೀರಾಯ್ಡ್ ಹಚ್ಚಿಕೊಂಡವರನ್ನು ಕಾಡುವ ಅದೇ ಅಡ್ಡ ಪರಿಣಾಮ ಇಲ್ಲಿ ಔಷಧಿ. ಒಂದು ಸಣ್ಣ ಉಂಗುರ, ಕೆಲವು ವಾರ, ಅಷ್ಟಕ್ಕೇ ಸೀಮಿತ ಮಾಡಿ ಅದನ್ನು ದುಡಿಸಿಕೊಳ್ಳುವುದು.

ಇದು ಕೆಲಸ ಮಾಡುತ್ತದಾ? ಮಾಡುತ್ತದೆ. 2014ರಲ್ಲಿ ಕಾಕ್ರೇನ್ ಸಂಸ್ಥೆಯವರು 12 ಅಧ್ಯಯನಗಳನ್ನು, ಒಟ್ಟು 1395 ಹುಡುಗರ ಲೆಕ್ಕವನ್ನು ಒಟ್ಟಿಗೆ ನೋಡಿದರು. ಔಷಧಿ ಇಲ್ಲದ ಬರೀ ಮುಲಾಮು ಹಚ್ಚಿದವರಿಗಿಂತ ಸ್ಟೀರಾಯ್ಡ್ ಹಚ್ಚಿದವರಲ್ಲಿ ಬಿಗಿ ಬಿಟ್ಟಿದ್ದು ಸ್ಪಷ್ಟವಾಗಿ ಜಾಸ್ತಿ. ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿ 0.05ರಿಂದ 0.1 ಪರ್ಸೆಂಟಿನ ಸ್ಟೀರಾಯ್ಡ್ ಮುಲಾಮನ್ನು ದಿನಕ್ಕೆ ಎರಡು ಸಲ, 4ರಿಂದ 8 ವಾರ ಹಚ್ಚಲು ಹೇಳುತ್ತದೆ. ನೂರಕ್ಕೆ 80ಕ್ಕಿಂತ ಜಾಸ್ತಿ ಹುಡುಗರಲ್ಲಿ ಗುಣ ಕಾಣುತ್ತದೆ, ನೂರಕ್ಕೆ 17ರವರೆಗೆ ಮತ್ತೆ ಬಿಗಿ ಬರಬಹುದು ಅಂತಲೂ ಅದರಲ್ಲಿದೆ.

ಖಾರ ಹೆಚ್ಚಾದಷ್ಟೂ ಫಲ ಹೆಚ್ಚಾ ಅನ್ನುವುದು ನನಗೆ ಇಷ್ಟವಾದ ಪ್ರಶ್ನೆ. ಇದನ್ನೇ 2005ರಲ್ಲಿ ತೈವಾನಿನ ಡಾಕ್ಟರುಗಳು ಪರೀಕ್ಷೆ ಮಾಡಿ ನೋಡಿದರು. ಕೆಲವು ಹುಡುಗರಿಗೆ ಬೀಟಾಮೆಥಾಸೋನ್ ವ್ಯಾಲರೇಟ್, ಕೆಲವರಿಗೆ ಅದಕ್ಕಿಂತ ಮೆದುವಾದ ಕ್ಲೊಬೆಟಾಸೋನ್ ಬ್ಯುಟಿರೇಟ್. ಫಲ ಹತ್ತಿರ ಹತ್ತಿರ ಒಂದೇ. ಮಧ್ಯಮದ ಟ್ಯೂಬೂ ಗಟ್ಟಿ ಟ್ಯೂಬಿನ ಸಮಕ್ಕೆ ನಿಂತಿತು.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ. ವಯಸ್ಸಿಗೆ ತಕ್ಕ ಮೆತ್ತಗಿನ ಬಿಗಿಗೆ ಮಧ್ಯಮ ಅಥವಾ ಗಟ್ಟಿ ಗುಂಪು ಸಾಕೇ ಸಾಕು. ನನ್ನ ಕೌಂಟರಿಗೆ ಬರುವ ಚೀಟಿಗಳಲ್ಲಿ ಬೀಟಾಮೆಥಾಸೋನ್ ಇಲ್ಲವೇ ಮೊಮೆಟಾಸೋನ್ ಇರುವುದೇ ಜಾಸ್ತಿ. ಹೈಡ್ರೊಕಾರ್ಟಿಸೋನ್ ಬರೆದಿದ್ದರೆ ‘ಇದು ಲೈಟು, ಸ್ಟ್ರಾಂಗ್ ಕೊಡಿ’ ಅಂತ ನನ್ನ ಹತ್ತಿರ ಚೌಕಾಸಿ ಮಾಡಬೇಡಿ. ಅದರಲ್ಲೂ ಗುಣವಾದ ಮಕ್ಕಳಿದ್ದಾರೆ, ಮಗು ಚಿಕ್ಕದಿದ್ದರೆ ಡಾಕ್ಟರ್ ಬೇಕು ಅಂತಲೇ ಮೆದುವಿನಿಂದ ಶುರು ಮಾಡಿರಬಹುದು.

ಕ್ಲೊಬೆಟಾಸಾಲ್ ಬಗ್ಗೆ ನಾನು ಸ್ವಲ್ಪ ಹಟಮಾರಿ. ಇದಕ್ಕೆ ಅದನ್ನು ಬಳಸಿದ ಡಾಕ್ಟರುಗಳು ಇಲ್ಲವೆಂದಲ್ಲ. ಆದರೆ ಅಮೆರಿಕದಲ್ಲಿ ಅದರ ಲೇಬಲ್ ಮೇಲೆಯೇ 12 ವರ್ಷದೊಳಗಿನವರಿಗೆ ಬೇಡ ಅಂತ ಇರುತ್ತದೆ, ದೊಡ್ಡವರಿಗೂ ಒಂದೇ ಸಮನೆ ಎರಡು ವಾರ ಮೀರಬಾರದು. ನಾಲ್ಕಾರು ವಾರದ ಕೆಲಸಕ್ಕೆ ಅದೇ ಬೇಕು ಅನ್ನುವುದಾದರೆ, ಆ ಮಾತು ಮಕ್ಕಳ ಸರ್ಜನ್ ಅಥವಾ ಚರ್ಮದ ಡಾಕ್ಟರ್ ಬಾಯಿಂದ ಬರಬೇಕು, ಅಂಗಡಿಯವನ ಬಾಯಿಂದಲ್ಲ.

ಬಿಳಿ ಗಟ್ಟಿ ಉಂಗುರ ಮರೆಯಬೇಡಿ ಅಂದಿದ್ದೆನಲ್ಲ. ಅದು ಲೈಕೆನ್ ಸ್ಕ್ಲೆರೋಸಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಅಪರೂಪ. ಅದಕ್ಕೆ ಮುಲಾಮು ಅಷ್ಟಾಗಿ ಹಿಡಿಯುವುದಿಲ್ಲ, ಹೆಚ್ಚಿನ ಹುಡುಗರಿಗೆ ಸುನ್ನತಿ ಆಪರೇಷನ್ ಬೇಕಾಗುತ್ತದೆ. ಅಲ್ಲಿ ತಿಂಗಳುಗಟ್ಟಲೆ ಟ್ಯೂಬ್ ಬದಲಿಸುತ್ತಾ ಕೂತರೆ ಮೂತ್ರದ ರಂಧ್ರವೂ ಕಿರಿದಾಗಬಹುದು.

ಹೆಜ್ಜೆ 6: ಟ್ಯೂಬಿನ ಹಿಂಭಾಗ ಓದಿ

ಒಂದೇ ಬ್ರ್ಯಾಂಡಿನ ಹೆಸರಿನ ಮುಂದೆ ಒಂದೊಂದು ಅಕ್ಷರ ಸೇರಿದರೆ ಔಷಧಿಯೇ ಬೇರೆ. ಬೆಟ್ನೋವೇಟ್ ಅಂದರೆ ಬರೀ ಸ್ಟೀರಾಯ್ಡ್. ಮುಂದೆ ‘ಎನ್’ ಬಂದರೆ ನಿಯೋಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಸೇರಿದೆ, ‘ಸಿ’ ಬಂದರೆ ಕ್ಲಿಯೊಕ್ವಿನಾಲ್ ಅನ್ನುವ ಇನ್ನೊಂದು ಇನ್‌ಫೆಕ್ಷನ್ ಔಷಧಿ. ನಿಯೋಮೈಸಿನ್ ಕೆಲವರ ಚರ್ಮಕ್ಕೆ ಅಲರ್ಜಿ. ಸ್ಯಾಲಿಸಿಲಿಕ್ ಆಸಿಡ್ ಸೇರಿಸಿದ ಟ್ಯೂಬ್‌ಗಳೂ ಮಾರ್ಕೆಟ್ಟಿನಲ್ಲಿವೆ. ಅಂಗಾಲಿನ ದಪ್ಪ ಚರ್ಮ ಸುಲಿಯಲು ಹಾಕುವ ಅಂಥದ್ದನ್ನು ಈ ಜಾಗಕ್ಕೆ ಹಚ್ಚಿದರೆ ಮಗು ಉರಿಗೆ ಅರಚಾಡುತ್ತದೆ. ಇನ್‌ಫೆಕ್ಷನ್ ಇಲ್ಲದಿದ್ದರೆ ಬರೀ ಸ್ಟೀರಾಯ್ಡ್ ಇರುವ ಟ್ಯೂಬೇ ಬೇಕು, ಮೂರು ನಾಲ್ಕು ಔಷಧಿ ಕಲಸಿದ್ದು ಬೇಡ.

2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ‘ಹೋದ ಸಲ ಕೊಟ್ಟಿದ್ರಲ್ಲ’ ಅಂದರೂ ಕೊಡುವ ಹಾಗಿಲ್ಲ.

ಹೆಜ್ಜೆ 7: ಹಚ್ಚುವುದು

ಅಜ್ಜಿಯರ ಎಲೆಅಡಿಕೆ ಸಂಚಿ ನೆನಪಿದೆಯಾ? ಬಾಯಿಗೆ ದಾರ ಪೋಣಿಸಿರುತ್ತದೆ. ದಾರ ಎಳೆದರೆ ಬಾಯಿ ಮಾತ್ರ ಬಿಗಿ, ಹೊಟ್ಟೆ ಸಡಿಲ. ಬಿಗಿ ಮುಂದೊಗಲೂ ಹಾಗೇ. ಮುಲಾಮು ಬೇಕಿರುವುದು ದಾರ ಇರುವ ಕಡೆ. ಎಷ್ಟೋ ಮನೆಗಳಲ್ಲಿ ಸಂಚಿಯ ಹೊಟ್ಟೆಗೆಲ್ಲ ಬಳಿದು, ಎರಡು ವಾರಕ್ಕೆ ಟ್ಯೂಬ್ ಮುಗಿಸಿ, ‘ಏನೂ ಪ್ರಯೋಜನ ಆಗಲಿಲ್ಲ’ ಅಂತ ಬರುತ್ತಾರೆ.

ಮೊದಲು ಮಗನಿಗೆ ಹೇಳಿ. ಯಾಕೆ ಹಚ್ಚುತ್ತಿದ್ದೇವೆ, ನೋವಾದರೆ ನಿಲ್ಲಿಸುತ್ತೇವೆ, ಇದು ನಿನ್ನ ಮೈ, ಔಷಧಿಗೆ ಅಂತ ಅಪ್ಪ ಅಮ್ಮ ಮಾತ್ರ ಮುಟ್ಟುವುದು, ಡಾಕ್ಟರ್ ನೋಡುವಾಗಲೂ ನಾವು ಜೊತೆಗಿರುತ್ತೇವೆ. ಎಂಟು ಹತ್ತು ವರ್ಷದ ಹುಡುಗನಾದರೆ ಒಂದೆರಡು ದಿನ ತೋರಿಸಿಕೊಟ್ಟು ಅವನ ಕೈಗೇ ಬಿಡಿ. ನೆಂಟರ ಮುಂದೆ ಈ ವಿಷಯ ಎತ್ತಿ ನಗಬೇಡಿ.

ಬೆಚ್ಚಗಿನ ನೀರಿನ ಸ್ನಾನ ಆದ ಮೇಲೆ ಒಳ್ಳೆಯ ಸಮಯ, ಚರ್ಮ ಮೆತ್ತಗಿರುತ್ತದೆ. ಬರೀ ನೀರಲ್ಲಿ ತೊಳೆದರೆ ಸಾಕು, ಒಳಗೆ ಸೋಪು ಬೇಡ. ಮೆತ್ತಗೆ ಒರೆಸಿ. ನಿಮ್ಮ ಕೈ ತೊಳೆದು ಒರೆಸಿಕೊಳ್ಳಿ.

ಚರ್ಮವನ್ನು ಮೆಲ್ಲಗೆ, ನೋವಾಗದಷ್ಟು ಮಾತ್ರ ಹಿಂದಕ್ಕೆ ಸರಿಸಿ. ಬಿಗಿ ಉಂಗುರ ಕಂಡ ಕಡೆ ನಿಲ್ಲಿಸಿ. ಕರಿಮೆಣಸಿನ ಕಾಳಿನಷ್ಟು ಮುಲಾಮನ್ನು ಬೆರಳ ತುದಿಗೆ ತೆಗೆದುಕೊಂಡು ಆ ಉಂಗುರದ ಸುತ್ತ, ಒಳಗೂ ಹೊರಗೂ ತೆಳುವಾಗಿ ಸವರಿ. ಆಮೇಲೆ ಚರ್ಮವನ್ನು ಮುಂದಕ್ಕೆ ತಂದುಬಿಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವಾಗ ಒಂದು ಸಲ. ಡಾಕ್ಟರ್ ಒಂದೇ ಸಲ ಅಂದಿದ್ದರೆ ಒಂದೇ ಸಲ.

ಆ ಲೆಕ್ಕದಲ್ಲಿ ಹಚ್ಚಿದರೆ ಆರು ವಾರಕ್ಕೆ 15 ಗ್ರಾಂ ಟ್ಯೂಬ್ ಪೂರ್ತಿ ಖಾಲಿ ಕೂಡ ಆಗಬಾರದು. ಬೇಗ ಮುಗಿಯಿತು ಅಂದರೆ ಜಾಸ್ತಿ ಬಳಿಯುತ್ತಿದ್ದೀರಿ ಅಂತಲೇ ಅರ್ಥ.

ಕೆಳಗಿನ ಬೀಜದ ಚೀಲಕ್ಕೆ, ತೊಡೆ ಸಂದಿಗೆ ಮುಲಾಮು ತಾಗಬಾರದು. ಇದು ಸುಮ್ಮನೆ ಹೇಳುವ ಮಾತಲ್ಲ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಹೈಡ್ರೊಕಾರ್ಟಿಸೋನನ್ನು ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿ ಎಷ್ಟು ಒಳಗೆ ಹೋಗುತ್ತದೆ ಅಂತ ಅಳೆದಿದ್ದರು. ಮುಂಗೈಗೆ ಹೋಲಿಸಿದರೆ ಬೀಜದ ಚೀಲದ ಚರ್ಮ 42 ಪಟ್ಟು ಹೀರಿಕೊಂಡಿತ್ತು. ಡಯಾಪರ್ ಹಾಕುವ ಮಗುವಾದರೆ ಇನ್ನೂ ಹುಷಾರು, ಡಯಾಪರ್ ಬಿಗಿಯಾಗಿ ಮುಚ್ಚಿ ಔಷಧಿಯ ಜೋರು ಏರಿಸುತ್ತದೆ.

ಮುಗಿದ ಮೇಲೆ ಮತ್ತೆ ಕೈ ತೊಳೆಯಿರಿ, ಹುಡುಗನ ಕೈಯನ್ನೂ. ಆ ಬೆರಳು ಕಣ್ಣಿಗೆ ಹೋಗಬಾರದು.

ಹೆಜ್ಜೆ 8: ವಾರ ವಾರ ಏನು ನೋಡಬೇಕು

ಮೊದಲ ವಾರ ಏನೂ ಕಾಣುವುದಿಲ್ಲ. ಬರೀ ಹಚ್ಚಿ, ಎಳೆಯಬೇಡಿ. ಒಂದು ವಾರ ಕಳೆದ ಮೇಲೆ ಹಚ್ಚುವಾಗ ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಕೆಲವು ಸೆಕೆಂಡ್ ಹಿಡಿದು ಬಿಡುವುದನ್ನು ಸೇರಿಸಿ. ಹುಡುಗ ಮುಖ ಕಿವುಚಿದ ಅಂದರೆ ಅಲ್ಲಿಗೇ ಬಿಡಿ. ಬಿರುಕು ಬಿಟ್ಟರೆ, ರಕ್ತ ಕಂಡರೆ ಒಂದು ವಾರ ಸರಿಸುವುದನ್ನು ನಿಲ್ಲಿಸಿ ಡಾಕ್ಟರಿಗೆ ತಿಳಿಸಿ.

ಎರಡರಿಂದ ನಾಲ್ಕು ವಾರದಲ್ಲಿ ತುದಿ ಸ್ವಲ್ಪ ಸ್ವಲ್ಪ ಕಾಣಲು ಶುರುವಾಗುತ್ತದೆ. ಅಕ್ಕನ ಮಗನಿಗೆ ಮೂರನೇ ವಾರದ ತನಕ ಏನೂ ಇರಲಿಲ್ಲ. ‘ನಿನ್ನ ಟ್ಯೂಬೂ ಅಷ್ಟೇ, ನೀನೂ ಅಷ್ಟೇ’ ಅಂತ ಬೈಸಿಕೊಂಡೆ. ಐದನೇ ವಾರ ಫೋನ್ ಬಂತು, ಸ್ನಾನ ಮಾಡುವಾಗ ತಾನೇ ಸರಿಸಿಕೊಂಡನಂತೆ. ನಡುವೆ ಹಬ್ಬಕ್ಕೆ ಊರಿಗೆ ಹೋದಾಗ ನಾಲ್ಕು ದಿನ ಬಿಟ್ಟಿದ್ದರು ಅನ್ನುವುದು ಆಮೇಲೆ ಬಾಯಿಬಿಟ್ಟಳು. ಮುಲಾಮು ಹಿಡಿಯಲಿಲ್ಲ ಅನ್ನುವ ಮನೆಗಳಲ್ಲಿ ನಾನು ಮೊದಲು ಕೇಳುವುದು ಅದನ್ನೇ: ಎಷ್ಟು ದಿನ ತಪ್ಪಿಸಿದಿರಿ?

ಎಂಟು ವಾರ ಆದರೂ ಬದಲಾವಣೆ ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ, ಮತ್ತೆ ತೋರಿಸಿ. ನೀವೇ ಮೇಲಿನ ಗುಂಪಿನ ಟ್ಯೂಬಿಗೆ ಜಿಗಿಯಬೇಡಿ. ಡಾಕ್ಟರ್ ಇನ್ನೊಂದು ಸುತ್ತು ಹೇಳಬಹುದು, ಇಲ್ಲವೇ ಸರ್ಜನ್ ಹತ್ತಿರ ಕಳಿಸಬಹುದು.

ಉರಿ, ಹೊಸದಾಗಿ ಕೆಂಪು, ಚರ್ಮ ಹೊಳಪಾಗಿ ತೆಳುವಾಗುವುದು, ಒಳಗಿನ ನರಗಳು ಎದ್ದು ಕಾಣುವುದು, ಮೊಸರಿನಂಥ ಬಿಳಿ ಪದರ ಬರುವುದು, ಇವು ಕಂಡರೆ ನಿಲ್ಲಿಸಿ ಫೋನ್ ಮಾಡಿ.

ಒಂದು ವಿಷಯಕ್ಕೆ ಮಾತ್ರ ಫೋನ್ ಮಾಡುತ್ತಾ ಕೂರಬೇಡಿ. ಹಿಂದಕ್ಕೆ ಸರಿಸಿದ ಚರ್ಮ ಮುಂದಕ್ಕೆ ಬರದೆ ಸಿಕ್ಕಿಕೊಂಡು, ತುದಿ ಊದಿಕೊಳ್ಳುತ್ತಿದ್ದರೆ ಅದು ಎಮರ್ಜೆನ್ಸಿ. ಸಂಚಿಯ ದಾರ ಈಗ ಕತ್ತಿಗೆ ಸುತ್ತಿಕೊಂಡ ಹಾಗೆ, ರಕ್ತ ಓಡಾಡುವುದಿಲ್ಲ. ರಾತ್ರಿ ಎರಡು ಗಂಟೆಯಾದರೂ ಸರಿ, ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಷುಯಾಲಿಟಿಗೆ ಹೊರಡಿ. ಮೂತ್ರ ಕಟ್ಟಿಕೊಂಡರೂ ಅಷ್ಟೇ.

ಹೆಜ್ಜೆ 9: ಸಡಿಲವಾದ ಮೇಲೆ

ಚರ್ಮ ಸಲೀಸಾಗಿ ಹಿಂದೆ ಮುಂದೆ ಬರತೊಡಗಿದ ಮೇಲೆ ಡಾಕ್ಟರ್ ಹೇಳಿದ ದಿನಕ್ಕೆ ಮುಲಾಮು ನಿಲ್ಲಿಸಿ. ಆದರೆ ಸರಿಸುವುದನ್ನು ನಿಲ್ಲಿಸಬೇಡಿ. ದಿನಾ ಸ್ನಾನದಲ್ಲಿ ಸರಿಸಿ, ನೀರಲ್ಲಿ ತೊಳೆದು, ಒರೆಸಿ, ಮತ್ತೆ ಮುಂದಕ್ಕೆ ತರುವುದು. ಹಲ್ಲುಜ್ಜಿದ ಹಾಗೆ ಅಭ್ಯಾಸ ಆಗಬೇಕು. ಮತ್ತೆ ಬಿಗಿ ಬರುವುದು ಹೆಚ್ಚಾಗಿ ಇದನ್ನು ಮರೆತ ಹುಡುಗರಲ್ಲಿ. ಹಾಗೆ ಬಂದರೂ ಇನ್ನೊಂದು ಸುತ್ತು ಮುಲಾಮಿಗೆ ಅವಕಾಶ ಇದೆ, ಡಾಕ್ಟರನ್ನು ಕೇಳಿ.

ಉಳಿದ ಟ್ಯೂಬ್ ಏನು ಮಾಡಬೇಕು? ಎಸೆಯಿರಿ. ಅಕ್ಕ ಎಸೆಯಲಿಲ್ಲ, ದುಡ್ಡು ಕೊಟ್ಟಿದ್ದು ಅಂತ ದೇವರಮನೆ ಪಕ್ಕದ ಗೂಡಿನಲ್ಲಿ ಇಟ್ಟಿದ್ದಳು. ಯುಗಾದಿಗೆ ಹೋದಾಗ ನೋಡುತ್ತೇನೆ, ಭಾವ ಪಂಚೆ ಮಡಿಸಿಕೊಂಡು ತೊಡೆಯ ಹುಳುಕಡ್ಡಿಗೆ ಅದನ್ನೇ ತಿಕ್ಕುತ್ತಾ ಕೂತಿದ್ದಾರೆ. ‘ಕಡಿತ ಥಟ್ ಅಂತ ನಿಂತೋಯ್ತದೆ ಕಣಪ್ಪ’ ಅಂದರು. ನಿಲ್ಲುತ್ತದೆ ಭಾವ, ಕಡಿತ ಮಾತ್ರ. ಹುಳುಕಡ್ಡಿ ಒಳಗೊಳಗೇ ಹರಡುತ್ತದೆ. ಆಗಲೇ ಒಂದು ರೂಪಾಯಿಯಷ್ಟಿದ್ದ ಉಂಗುರ ಅಂಗೈ ಅಗಲ ಆಗಿತ್ತು. ಟ್ಯೂಬನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡೆ. ಚರ್ಮದ ಡಾಕ್ಟರ್ ಕೊಟ್ಟ ಫಂಗಸ್ ಔಷಧಿಯಲ್ಲಿ ಅವರದ್ದು ವಾಸಿಯಾಗಲು ಮಗನದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು.